ಟುವಾಲಿನ ಕೆಳಗಿನ ಮಾತು

ಗುಟ್ಟಿನ ವ್ಯವಹಾರಕ್ಕೆ ರಾಚವ್ವಜ್ಜಿ ‘ಟುವಾಲಿನ ಕೆಳಗಿನ ಮಾತು’ ಎನ್ನುತ್ತಿದ್ದಳು. ಬಾಗಲಕೋಟೆ ಕಡೆಯ ದನದ ಸಂತೆಯಲ್ಲಿ ದಲ್ಲಾಳಿಗಳು ಕೈಗಳ ಮೇಲೆ ಟುವಾಲು ಹೊದಿಸಿ, ಬೆರಳು ಹಿಡಿದೇ ಬೆಲೆ ಕುದುರಿಸುತ್ತಿದ್ದರಂತೆ. ಬಾಯಿಮಾತು ಸುತ್ತ ನಿಂತವರಿಗಷ್ಟೇ. ಟುವಾಲಿನಡಿ ಬೆರಳುಗಳು ಹಾವಿನ ಮರಿಗಳಂತೆ ಆಡುವುದನ್ನು ಕಲ್ಪಿಸಿಕೊಳ್ಳುತ್ತಲೇ ನಾನು ಬೆಳೆದೆ.

ಮೊನ್ನೆ, ನಾವು ಊರು ಬಿಟ್ಟು ದುಡಿಯಲು ಬಂದಿರುವ ಕಡಿಯಾಳಿಯ ಬಾಡಿಗೆ ಕೋಣೆಗೆ, ನನ್ನನ್ನು ಮದುವೆಗೆ ಕೇಳಿಕೊಂಡು, ಒಬ್ಬ ಗಂಡಿನ ಸೋದರಮಾವ ಬಂದ. “ಇಲ್ರಿ, ನಾಗವೇಣಿ ಮೊದಲು ಕಾಲೇಜು ಮುಗಸ್ಲಿ” ಎಂದ ಅಪ್ಪ. ನನಗೆ ಹಿಗ್ಗೋ ಹಿಗ್ಗು. ಚಹಾ ಕೊಡಲು ಬಗ್ಗಿದಾಗ ಕಂಡಿತು: ಇಬ್ಬರ ಬಲಗೈಗಳೂ ಅಪ್ಪನ ಟುವಾಲಿನ ಕೆಳಗಿದ್ದವು.

ಒಲೆಯ ಬಳಿ ಕೂತಿದ್ದ ಅಜ್ಜಿಯನ್ನು ಕೇಳಿದೆ, “ಅಜ್ಜಿ, ತನ್ನ ಮಾರಿದ್ದು ಎತ್ತಿಗೆ ಯಾವಾಗ ಗೊತ್ತಾಗತಿತ್ತು?”

ಅವಳು ನನ್ನ ಮುಖ ನೋಡಲಿಲ್ಲ.

“ಕೊರಳಿನ ಹಗ್ಗ ಬದಲಾದಾಗ, ನನ್ನವ್ವಾ.”