ಗಡ್ಡವಿದ್ದ ಕುರಿಮರಿ

ಎರಡು ಕೊಡ ಬಿಸಿನೀರು ಮುಗಿದರೂ ಜತ್ತಪ್ಪನ ಉಗುರಿನಡಿಯ ಕಲ್ಲಿನ ಹುಡಿ ಹೋಗಲಿಲ್ಲ. ಶೋಧನ್ ತೆಂಗಿನ ನಾರು ಹಿಡಿದು ಇನ್ನೊಮ್ಮೆ ಉಜ್ಜಲು ಹೊರಟಾಗ, ಬಚ್ಚಲಿನ ಹೊರಗೆ ನಿಂತಿದ್ದ ಜತ್ತಪ್ಪನ ಹೆಂಡತಿ ಸೇಸಮ್ಮ ತಡೆದಳು.

"ಬಿಡು ಮಗ. ಮದುವೆ ದಿನವೂ ಅದು ಹೋಗಿರ್ಲಿಲ್ಲ."

ಶೋಧನ್ ಸತ್ತವನ ತಮ್ಮನ ಮಗ. ಜತ್ತಪ್ಪನಿಗೆ ಇದ್ದದ್ದು ಸುಪ್ರೀತಾ ಎಂಬ ಒಬ್ಬಳೇ ಮಗಳಾದ್ದರಿಂದ ಕೊಳ್ಳಿ ಇಡುವ ಕೆಲಸ ಇವನ ಪಾಲಿಗೆ ಬಂದಿತ್ತು. ಒಳ್ಳೆಯ ಹುಡುಗ, ಆದರೆ ಬೆಳಗ್ಗಿನಿಂದ ಎಲ್ಲವನ್ನೂ ಗಡಿಯಾರ ನೋಡಿಕೊಂಡೇ ಮಾಡುತ್ತಿದ್ದ. ಮೈ ಒರೆಸಿ, ಹೊಸ ಪಂಚೆ ಉಡಿಸಿ, ಚಾವಡಿಯಲ್ಲಿ ಬಿದಿರಿನ ಚಟ್ಟದ ಮೇಲೆ ತೆಂಕು ದಿಕ್ಕಿಗೆ ತಲೆ ಮಾಡಿ ಮಲಗಿಸಿದರು. ಬಾಯಿ ತೆರೆದುಕೊಳ್ಳದ ಹಾಗೆ ಗಲ್ಲದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿದರು. ಬಂದವರು ಒಬ್ಬೊಬ್ಬರಾಗಿ ತುಳಸಿ ಎಲೆಯಿಂದ ತುಟಿಗೆ ನೀರು ಬಿಟ್ಟು ಹೊರಗೆ ಹೋಗಿ ಕುರ್ಚಿ ಹಿಡಿದರು. ಮಾರ್ಚ್ ತಿಂಗಳ ಬಿಸಿಲು ಹನ್ನೊಂದು ಗಂಟೆಗೇ ಶಾಮಿಯಾನದ ಬಟ್ಟೆಯೊಳಗೆ ಇಳಿದಿತ್ತು.

"ಎರಡು ಗಂಟೆಗೆ ಎತ್ತಬೇಕು ದೊಡ್ಡಮ್ಮ," ಎಂದ ಶೋಧನ್. "ರುದ್ರಭೂಮಿಯಲ್ಲಿ ನಮ್ಮ ನಂತರ ಇನ್ನೊಂದು ಉಂಟಂತೆ."

"ಬಾಯಮ್ಮ ಬರ್ಲಿ."

"ಅವರು ಬರ್ತೇನೆ ಅಂತ ಹೇಳಿದ್ದಾರಾ?"

ಹೇಳಿರಲಿಲ್ಲ. ಬಾಯಮ್ಮ, ಎಂದರೆ ಪಾವ್ಲಿನ್ ಬಾಯಿ, ಈಗ ಇರುವುದು ಕಕ್ಕಿಂಜೆಯ ಮಗಳ ಮನೆಯಲ್ಲಿ. ಬೆಳಗ್ಗೆ ಏಳಕ್ಕೆ ಸುಪ್ರೀತಾ ಫೋನ್ ಮಾಡಿದಾಗ ಯಾರೋ ಎತ್ತಿ, "ಹೇಳ್ತೇವೆ" ಎಂದು ಇಟ್ಟುಬಿಟ್ಟಿದ್ದರು. ಹದಿನಾಲ್ಕು ವರ್ಷದಿಂದ ಮಾತು ಬಿಟ್ಟವರು ಮೂವತ್ತು ಕಿಲೋಮೀಟರ್ ಬಂದಾರು ಎಂದು ಸುಪ್ರೀತಾಳಿಗೆ ನಂಬಿಕೆಯಿರಲಿಲ್ಲ. ಬರುವುದು ಬೇಕು ಎಂದೂ ಅನಿಸಿರಲಿಲ್ಲ.

ಆದರೆ ಜತ್ತಪ್ಪನಿಗೆ ಬೇಕಾಗಿತ್ತು. ಹಾಸಿಗೆ ಹಿಡಿದ ಕೊನೆಯ ನಾಲ್ಕು ದಿನ ಅವನು ಔಷಧಿ ಕೇಳಲಿಲ್ಲ, ಗಂಜಿ ಕೇಳಲಿಲ್ಲ. "ಬಾಯಮ್ಮ ಬಂದ್ರಾ?" ಎಂದು ಕೇಳಿದ. ಫೋನ್ ಮಾಡುವ ಎಂದರೆ ಬೇಡ, ಅವರಾಗಿಯೇ ಬರಬೇಕು ಎಂದ. ಗಂಡನ ಸಮಾಧಿಕಲ್ಲಿನಲ್ಲಿ ಆದ ತಪ್ಪನ್ನು ಮಾಫಿ ಮಾಡಿದ್ದೇನೆ ಎಂದು ಅವರ ಬಾಯಿಂದ ಒಂದು ಮಾತು ಕೇಳಬೇಕಿತ್ತು ಅವನಿಗೆ. ಜೀವ ಇರುವಾಗ ಅದು ಆಗಲಿಲ್ಲ. ಹೆಣ ಎತ್ತುವ ಮೊದಲಾದರೂ ಆಗಲಿ ಎಂದು ಸೇಸಮ್ಮ ಹಟ ಹಿಡಿದು ಕೂತಿದ್ದಳು. ಮಾತು ಬಿಟ್ಟವರು ನೀರು ಬಿಡದೆ ಹೋದರೆ ಜೀವ ಬಾಯಾರಿಕೊಂಡೇ ಇರುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದದ್ದು ಬೇರೆ ತಲೆಯಲ್ಲಿತ್ತು.

ಪಕ್ಕದ ಮಟನ್ ಅಂಗಡಿಯ ಉಮ್ಮರ್ ಬ್ಯಾರಿ ಇವತ್ತು ಅಂಗಡಿ ತೆರೆದಿರಲಿಲ್ಲ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಚಾವಡಿಯ ಮೆಟ್ಟಿಲ ಮೇಲೆ ಕೂತಿದ್ದ.

"ಎಲ್ಲ ನನ್ನ ಆಡಿಂದಾಗಿ ಆದದ್ದು ಸೇಸಕ್ಕ," ಎಂದ.

"ಆಡು ಏನು ಮಾಡ್ತದೆ ಬ್ಯಾರಿಗಳೇ, ಪಾಪ."

"ಆದ್ರೂ ನಾನು ಹೇಳ್ಬೇಕಿತ್ತು. ಜತ್ತಪ್ಪಣ್ಣ, ಇದು ಕುರಿ ಅಲ್ಲ ಮಾರಾಯ, ಅಂತ. ಅವ ಅಷ್ಟು ಪ್ರೀತಿಯಲ್ಲಿ ನೋಡ್ತಾ ಇದ್ದ, ನನಗೆ ಬಾಯಿ ಬರ್ಲಿಲ್ಲ."

* * *

ಜತ್ತಪ್ಪ ಕಾರ್ಕಳದಲ್ಲಿ ಕಲಿತದ್ದು ತುಳಸಿಕಟ್ಟೆ, ನಾಗನ ಕಲ್ಲು, ಅರೆಯುವ ಕಲ್ಲು ಕೆತ್ತುವ ಕೆಲಸ. ಮಡಂತ್ಯಾರಿಗೆ ಬಂದು ಶೆಡ್ಡು ಹಾಕಿದ ಮೇಲೆ ಕ್ರೈಸ್ತರ ಸಮಾಧಿಕಲ್ಲಿನ ಕೆಲಸ ಸಿಗತೊಡಗಿತು. ಅರ್ಥ ಗೊತ್ತಿಲ್ಲದ ಚಿತ್ರಕ್ಕೆ ಉಳಿ ಇಡುವುದಿಲ್ಲ ಎಂಬುದು ಅವನ ಹಟ. ಅದಕ್ಕೆ ಸರಿಯಾಗಿ ಆಗ ಒಬ್ಬರು ವಯಸ್ಸಾದ ಫಾದರ್ ಇದ್ದರು. ಸಂಜೆ ನಡೆಯಲು ಹೊರಟವರು ಶೆಡ್ಡಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಬಿಟ್ಟರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ.

ಲೋಕವೆಲ್ಲ ಮುಳುಗಿದ್ದ ಪ್ರಳಯದ ನೀರು ಇಳಿದದ್ದನ್ನು ತಿಳಿಸಲು ಪಾರಿವಾಳ ಕೊಕ್ಕಿನಲ್ಲಿ ಆಲಿವ್ ಎಲೆ ತಂದ ಕಥೆಯನ್ನು ಅವರೇ ಹೇಳಿದ್ದು. ಆಲಿವ್ ಎಲೆಯನ್ನು ಜತ್ತಪ್ಪ ಕಂಡಿರಲಿಲ್ಲ. ಫಾದರೂ ಸರಿಯಾಗಿ ಕಂಡಿರಲಿಲ್ಲ.

"ವೀಳ್ಯದೆಲೆ ಆಗ್ತದಾ ಫಾದರ್?"

"ಆಗ್ಲಿ ಮಾರಾಯ. ಶುಭಸುದ್ದಿಯೇ ಅಲ್ವಾ ತಂದದ್ದು."

ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ಸಮಾಧಿಗಳಲ್ಲಿ ಇವತ್ತಿಗೂ ಹನ್ನೊಂದು ಪಾರಿವಾಳಗಳು ವೀಳ್ಯದೆಲೆ ಕಚ್ಚಿಕೊಂಡು ಕೂತಿವೆ. ಯಾರೂ ಆಕ್ಷೇಪ ಎತ್ತಲಿಲ್ಲ.

ಕುರಿಮರಿಯ ಚಿತ್ರ ತೋರಿಸಿದ ದಿನ ಫಾದರ್ ಸ್ವಲ್ಪ ಗಂಭೀರವಾಗಿದ್ದರು. "ಇದು ನಮ್ಮದು ಮಾತ್ರ ಅಲ್ಲ ಜತ್ತಪ್ಪ. ನಮಗಿಂತ ಮೊದಲು ಯೆಹೂದ್ಯರದ್ದು. ಅವರು ಐಗುಪ್ತದಲ್ಲಿ ಗುಲಾಮರಾಗಿದ್ದರು. ಬಿಡುಗಡೆಯಾಗಿ ಹೊರಡುವ ರಾತ್ರಿ ಮನೆಗೊಂದು ಮರಿ ಕೊಯ್ದು ಅದರ ರಕ್ತವನ್ನು ಬಾಗಿಲಿನ ದಾರಂದಕ್ಕೆ ಹಚ್ಚಿದರು. ಆ ಗುರುತು ಕಂಡ ಮನೆಗಳನ್ನು ಸಾವು ದಾಟಿಕೊಂಡು ಹೋಯಿತು. ಈಗಲೂ ವರ್ಷಕ್ಕೊಮ್ಮೆ ಆ ರಾತ್ರಿಯನ್ನು ನೆನೆದು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಊಟ ಮಾಡ್ತಾರೆ."

"ಮತ್ತೆ ನಿಮಗೆ?"

"ನಮಗೆ ಆ ಮರಿ ಅಂದ್ರೆ ಯೇಸು. ಬೇರೆಯವರಿಗಾಗಿ ತಾನೇ ಬಲಿಯಾದವನು."

ಜತ್ತಪ್ಪ ಉಳಿಯ ಮೊನೆಯನ್ನು ಲುಂಗಿಗೆ ಒರೆಸುತ್ತ ಯೋಚಿಸಿದ. "ಅಲ್ಲ ಫಾದರ್, ಸಮಾಧಿಗೆ ಯಾಕೆ ಇದು? ಸಾವು ಬಂದು ಆಯ್ತಲ್ಲ."

"ಬಂದದ್ದು ಸಣ್ಣ ಸಾವು. ಇನ್ನೊಂದು ದೊಡ್ಡದು ಉಂಟು. ಅದು ದಾಟಿ ಹೋಗ್ಲಿ ಅಂತ."

ಆ ಮಾತು ಜತ್ತಪ್ಪನ ಒಳಗೆ ಕೂತುಬಿಟ್ಟಿತು. ಆದರೆ ಮರಿ ಬೇಕು ಎಂದು ಯಾರೂ ಕೇಳಲಿಲ್ಲ. ಫಾದರ್ ತೀರಿಕೊಂಡರು. ಅವರು ಕೊಟ್ಟ ಚಿತ್ರವನ್ನು ಒರಲೆ ತಿಂದಿತು.

* * *

ಪಾವ್ಲಿನ್ ಬಾಯಿಯ ಗಂಡ ಮಾರ್ಸೆಲ್ ಪೊರ್ಬುಗಳು ಕುಡಿಯುತ್ತಿದ್ದರು. ಕುಡಿದ ದಿನ ನೇರ ಮನೆಗೆ ಹೋಗಲು ಧೈರ್ಯ ಸಾಲದೆ ಜತ್ತಪ್ಪನ ಶೆಡ್ಡಿನಲ್ಲಿ ಕೂರುತ್ತಿದ್ದರು. ಜತ್ತಪ್ಪ ಕಪ್ಪು ಚಾ ತರಿಸಿ ಕೊಡುತ್ತಿದ್ದ, ಬುದ್ಧಿ ಹೇಳುತ್ತಿರಲಿಲ್ಲ. ಹೀಗೆ ಇಪ್ಪತ್ತು ವರ್ಷ ಕಳೆದ ಸ್ನೇಹ. ಅವರು ತೀರಿಹೋದಾಗ ಬಾಯಮ್ಮ ಸಾದಾ ಶಿಲುಬೆ ಸಾಕು ಎಂದರೂ, "ನಾನು ಒಂದು ಮರಿ ಕೆತ್ತಿ ಕೊಡ್ತೇನೆ, ಅವರಿಗೆ ಬೇಕು ಅದು," ಎಂದು ಜತ್ತಪ್ಪನೇ ಒಪ್ಪಿಸಿದ್ದ.

ಆದರೆ ಕುರಿ ಎಲ್ಲಿ? ಇಲ್ಲಿನ ಮಳೆಗೆ ಕುರಿ ಬಾಳುವುದಿಲ್ಲ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದು, ಸಂಜೆಗೆಲ್ಲ ತಕ್ಕಡಿ ಮೇಲೆ ಇರುತ್ತದೆ. ಉಮ್ಮರ್ ಬ್ಯಾರಿಯ ಹಿತ್ತಿಲಲ್ಲಿ ಬಕ್ರೀದಿಗೆಂದು ಸಾಕುತ್ತಿದ್ದ ಆಡಿನ ಮರಿಯೊಂದು ಕಟ್ಟಿತ್ತು. ಜತ್ತಪ್ಪ ಹನ್ನೊಂದು ದಿನ ಅದರ ಮುಂದೆ ಕೂತ. ಮೇಲಕ್ಕೆ ನಿಮಿರಿದ ಬಾಲ, ಮಡಚಿದ ಮುಂಗಾಲು, ಗಲ್ಲದಡಿಯ ನಾಲ್ಕು ಕೂದಲಿನ ಗಡ್ಡ, ಯಾವುದನ್ನೂ ಬಿಡಲಿಲ್ಲ.

"ಕುರಿಮರಿಗೆ ಗಡ್ಡ ಇರ್ತದಾ ಅಪ್ಪ?" ಎಂದು ಸುಪ್ರೀತಾ ಕೇಳಿದ್ದಳು.

"ಇದಕ್ಕೆ ಉಂಟಲ್ಲ," ಎಂದಿದ್ದ.

ಅವನು ಕೆತ್ತಿದ್ದರಲ್ಲೆಲ್ಲ ಚಂದದ್ದು ಅದು. ಕರಿಕಲ್ಲಿನಲ್ಲಿ ಮಲಗಿದ್ದ ಮರಿ ಈಗ ಎದ್ದು ನಿಲ್ಲುತ್ತದೇನೋ ಎನ್ನುವ ಹಾಗಿತ್ತು.

ನವೆಂಬರ್ ಎರಡರಂದು ಸತ್ತವರ ಹಬ್ಬ. ಸಮಾಧಿಗಳಿಗೆ ಹೂವಿಟ್ಟು, ಮೊಂಬತ್ತಿ ಹಚ್ಚಿ, ಊರಿನ ಕ್ರೈಸ್ತರೆಲ್ಲ ನೆರೆದಿದ್ದರು. ಬಾಯಮ್ಮನ ಮೈದುನ ಬಗ್ಗಿ ನೋಡಿ, "ಅತ್ತಿಗೆ, ಇದು ಕುರಿ ಅಲ್ಲ, ಆಡು!" ಎಂದ. ಒಬ್ಬ ನಕ್ಕ, ನಾಲ್ಕು ಮಂದಿ ನಕ್ಕರು. ಬಾಯಮ್ಮ ನಗಲಿಲ್ಲ. ಕೊನೆಯ ದಿನ ದೇವರು ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ನಿಲ್ಲಿಸುತ್ತಾನೆ, ಎಡಗಡೆಯವರನ್ನು ಆರದ ಬೆಂಕಿಗೆ ಕಳಿಸುತ್ತಾನೆ ಎಂದು ಕೇಳಿ ಬೆಳೆದವರು ಅವರು. ಕುಡುಕ ಗಂಡ ಬಲಗಡೆ ನಿಲ್ಲಲಿ ಎಂದು ಮೂವತ್ತು ವರ್ಷ ಜಪಮಾಲೆ ಹಿಡಿದು ಬೇಡಿದ್ದರು. ಅವರಿಗೆ ಬಂದದ್ದು ಸಿಟ್ಟಿಗಿಂತ ಹೆಚ್ಚು ಹೆದರಿಕೆ.

ಮರುದಿನ ಶೆಡ್ಡಿಗೆ ಬಂದು, "ಜತ್ತಪ್ಪ, ನನ್ನ ಗಂಡನನ್ನು ನೀನು ಎಡಗಡೆ ನಿಲ್ಲಿಸಿದೆ," ಎಂದರು.

ಅವನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಬಾಯಮ್ಮ ಬಿಡಿಸಿ ಹೇಳಿದ ಮೇಲೆ ಅವನು ವಾದ ಮಾಡಲಿಲ್ಲ. ಉಳಿ, ಸುತ್ತಿಗೆ ಹಿಡಿದುಕೊಂಡು ಅವರ ಹಿಂದೆಯೇ ಹೋಗಿ, ಹನ್ನೊಂದು ದಿನ ಕೆತ್ತಿದ್ದನ್ನು ಒಂದು ಗಂಟೆಯಲ್ಲಿ ಕೆತ್ತಿ ತೆಗೆದ. ನೋಡಲು ಜನ ಸೇರಿದ್ದರು. ಮುಗಿಯುವವರೆಗೆ ಬಾಯಮ್ಮ ಪಕ್ಕದಲ್ಲೇ ನಿಂತಿದ್ದು, ಮಾತಿಲ್ಲದೆ ಹೋದರು.

ಆಮೇಲೆ ಜತ್ತಪ್ಪ ಉಸಿರಾಡುವ ಯಾವುದನ್ನೂ ಕೆತ್ತಲಿಲ್ಲ. ಹೆಸರು, ತಾರೀಕು, ಶಿಲುಬೆ, ಅಷ್ಟೇ. ಪಾರಿವಾಳ ಕೇಳಿ ಬಂದವರನ್ನು ಮೂಡಬಿದಿರೆಗೆ ಕಳಿಸಿದ. "ಸ್ನೇಹಿತನನ್ನು ಬೆಂಕಿಗೆ ಹಾಕಿದ ಕೈ ಇದು," ಎಂದು ಒಮ್ಮೊಮ್ಮೆ ಊಟಕ್ಕೆ ಕೂತಾಗ ಬಲಗೈ ನೋಡಿಕೊಂಡು ಹೇಳುತ್ತಿದ್ದ. ಸೇಸಮ್ಮನಿಗೆ ಕೇಳಿ ಕೇಳಿ ಸಾಕಾಗಿತ್ತು.

* * *

ಒಂದೂಮುಕ್ಕಾಲಿಗೆ ಅಂಗಳದ ಕೆಳಗೆ ಕಾರು ನಿಂತಿತು. ಮೊಮ್ಮಗಳ ಭುಜ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಊರುಗೋಲು ಊರಿಕೊಂಡು ಬಾಯಮ್ಮ ಹತ್ತಿ ಬಂದರು. ಅವರೂ ಮುದುಕಿಯಾಗಿದ್ದರು. ಜತ್ತಪ್ಪನ ತಲೆಯ ಹತ್ತಿರ ಯಾರೋ ಕುರ್ಚಿ ಹಾಕಿದರು. ಕೂತು, ಉಸಿರು ಸುಧಾರಿಸಿಕೊಳ್ಳಲು ಅವರಿಗೆ ಎರಡು ನಿಮಿಷ ಬೇಕಾಯಿತು.

"ಕೇಳ್ತಾ ಇದ್ದನಂತೆ ನನ್ನನ್ನು?"

"ನಾಲ್ಕು ದಿನದಿಂದ," ಎಂದಳು ಸೇಸಮ್ಮ. "ತಪ್ಪು ಮಾಫಿ ಆಯ್ತಾ ಅಂತ ನಿಮ್ಮ ಬಾಯಿಂದ ಕೇಳ್ಬೇಕಿತ್ತು ಅವರಿಗೆ. ಒಂದು ಮಾತು ಹೇಳಿಬಿಡಿ ಬಾಯಮ್ಮ. ಹೊತ್ತಾಯ್ತು."

ಬಾಯಮ್ಮ ಹೆಣದ ಮುಖವನ್ನೇ ನೋಡುತ್ತಿದ್ದರು. "ತಪ್ಪೇ ಇರ್ಲಿಲ್ಲ ಸೇಸಮ್ಮ."

ಅವರು ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈಸ್ಟರಿನ ಮೊದಲಿನ ಗುರುವಾರ ಇಗರ್ಜಿಯಲ್ಲಿ ಆ ರಾತ್ರಿಯ ಕಥೆ ಓದ್ತಾರೆ. ರಕ್ತ ಹಚ್ಚಿದ ರಾತ್ರಿಯದ್ದು. ಮರಿ ಹೇಗಿರಬೇಕು ಅಂತ ದೇವರು ಮೋಶೆಗೆ ಹೇಳಿದ್ದುಂಟು ಅದರಲ್ಲಿ. ಊನ ಇರಬಾರದು, ಗಂಡಾಗಿರಬೇಕು, ಒಂದು ವರ್ಷದ್ದಾಗಿರಬೇಕು. ಕುರಿಯದ್ದೂ ಆಗ್ತದೆ, ಆಡಿನದ್ದೂ ಆಗ್ತದೆ. ಹಾಗೇ ಉಂಟು. ವರ್ಷ ವರ್ಷ ಓದ್ತಾರೆ, ಸಣ್ಣದಿರುವಾಗಿನಿಂದ ಕೇಳಿದ್ದೇನೆ. ತಲೆಗೆ ಹೋದದ್ದು ಮಾತ್ರ ಆರು ವರ್ಷದ ಹಿಂದೆ."

"ಆಡೂ ಆಗ್ತದಾ?" ಮೆಟ್ಟಿಲಿನಿಂದ ಉಮ್ಮರ್ ಬ್ಯಾರಿ ಎದ್ದು ನಿಂತ.

ಆದರೆ ಸುಪ್ರೀತಾ ಕೇಳಿಸಿಕೊಂಡದ್ದು ಬೇರೆಯೇ. "ಆರು ವರ್ಷದಿಂದ ಗೊತ್ತಿತ್ತಾ ನಿಮಗೆ?"

"ಈಸ್ಟರ್ ಕಳೀಲಿ, ಹೋಗಿ ಹೇಳುವ ಅಂತ ಇದ್ದೆ ಮಗಾ. ಮತ್ತೆ ಮಳೆ ಹಿಡೀತು. ಮತ್ತೆ ಮಂಡಿನೋವು." ಬಾಯಮ್ಮ ನಿಲ್ಲಿಸಿದರು. "ಅದೆಲ್ಲ ಸುಳ್ಳು. ನನಗೆ ನಾಚಿಕೆ. ಅಷ್ಟು ಜನರೆದುರು ನಿಂತು ಕೆಡಿಸಿದ್ದು ನಾನಲ್ವಾ? ಹೂವಿಡ್ಲಿಕ್ಕೆ ಹೋದಾಗೆಲ್ಲ ಆ ಗುಂಡಿ ಕಾಣ್ತದೆ ಕಲ್ಲಿನಲ್ಲಿ."

ಸುಪ್ರೀತಾ ಅಳತೊಡಗಿದಳು. ಅದು ಅಪ್ಪ ಸತ್ತ ಅಳುವಲ್ಲ, ಸಿಟ್ಟಿನ ಅಳು. ಸೇಸಮ್ಮನಿಗೂ ಸಿಟ್ಟು ಬರಬೇಕಿತ್ತು. ಈ ಮುದುಕಿಯ ಕೈಯಿಂದ ಊರುಗೋಲು ಕಸಿದು ಎಸೆಯಬೇಕು ಎಂದು ಒಂದು ಕ್ಷಣ ಅನಿಸಿದ್ದೂ ನಿಜ. ಆರು ವರ್ಷ, ಜತ್ತಪ್ಪ ಎಷ್ಟು ಸಲ ಆ ಬಲಗೈಯನ್ನು ತಟ್ಟೆಯಿಂದ ಎತ್ತಿ ನೋಡಿಕೊಂಡಿದ್ದನೋ. ಆದರೆ ನಾಲ್ಕು ದಿನ ನಿದ್ದೆಯಿಲ್ಲದ ಮೈ ಅವಳದ್ದು. ಸಿಟ್ಟು ಎದ್ದು ಅಲ್ಲೇ ಕೂತಿತು.

"ಒಂದು ಫೋನ್ ಸಾಕಿತ್ತು ಬಾಯಮ್ಮ," ಎಂದಳು.

"ದೊಡ್ಡಮ್ಮ," ಎಂದ ಶೋಧನ್, ಈ ಸಲ ಮೆಲ್ಲಗೆ. "ಎರಡಾಯ್ತು."

ಸೇಸಮ್ಮ ತುಳಸಿ ಎಲೆ ಹಾಕಿದ ಲೋಟವನ್ನು ಬಾಯಮ್ಮನ ಕೈಗೆ ಕೊಟ್ಟಳು.

"ಅಮ್ಮ, ಇವರು ಬೇಡ," ಎಂದಳು ಸುಪ್ರೀತಾ.

"ನಿನಗೆ ಬೇಡ. ಅಪ್ಪ ಕಾದದ್ದು." ಸೇಸಮ್ಮ ಬಾಯಮ್ಮನ ಕಡೆ ತಿರುಗಿದಳು. "ನನಗೆ ಹೇಳಿದ್ದು ಸಾಕು. ಅವರಿಗೆ ಹೇಳಿ."

ಬಾಯಮ್ಮ ಕುರ್ಚಿಯಿಂದ ಎದ್ದು, ಬಗ್ಗಿ, ಜತ್ತಪ್ಪನ ಕಿವಿಗೆ ಬಾಯಿ ತಂದರು. "ನಿನ್ನ ಮರಿ ಸರಿ ಇತ್ತು ಜತ್ತಪ್ಪ." ಸುತ್ತಿಗೆಯ ಪೆಟ್ಟಿಗೆ ಅವನ ಕಿವಿ ಯಾವಾಗಲೋ ಮಂದವಾಗಿದ್ದದ್ದು ಅವರಿಗೂ ಗೊತ್ತಿತ್ತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಮೂರನೆಯ ಸಲ ಹೊರಗೆ ಶಾಮಿಯಾನದಲ್ಲಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, "ನಿನ್ನ ಮರಿ ಸರಿ ಇತ್ತು!" ಎಂದರು.

ನೀರು ಬಿಟ್ಟರು. ಬಟ್ಟೆ ಕಟ್ಟಿದ ಬಾಯಿ ಬೆಳಗ್ಗಿನಿಂದ ಬಿಗಿದುಕೊಂಡಿತ್ತು. ನೀರು ತುಟಿಯ ಮೇಲೆ ನಿಂತು, ಗಲ್ಲದ ಮೇಲಿಂದ ಜಾರಿತು. ಇನ್ನೊಮ್ಮೆ ಬಿಟ್ಟರು. ಮತ್ತೆ ಜಾರಿತು.

"ಒಳಗೆ ಹೋಗುವುದಿಲ್ಲ ಸೇಸಮ್ಮ," ಎಂದರು ಬಾಯಮ್ಮ, ಮಗು ದೂರು ಹೇಳುವ ಹಾಗೆ. "ಕುಡಿಯುವುದಿಲ್ಲ ಇವ."

ಸೇಸಮ್ಮ ಅವರ ಕೈಯಿಂದ ಲೋಟ ತೆಗೆದುಕೊಂಡಳು. ಅಂಗಳದಲ್ಲೇ ವ್ಯಾನು ಕಾದಿದ್ದರಿಂದ ಶೋಧನ್ ಮತ್ತು ಮೂವರು ಚಟ್ಟವನ್ನು ಹೆಗಲಿಗೆ ಏರಿಸದೆ ಕೈಯಲ್ಲೇ ಎತ್ತಿದರು. ಬಾಯಮ್ಮನ ಊರುಗೋಲು ಕುರ್ಚಿಯ ಬದಿಯಲ್ಲೇ ಉಳಿಯಿತು. ಬಗ್ಗಿಕೊಂಡೇ, ಒಂದು ಕೈಯಿಂದ ಚಟ್ಟದ ಬಿದಿರು ಹಿಡಿದು, ಅವರು ಕುಂಟುತ್ತ ಜೊತೆಗೆ ನಡೆದರು. ಇನ್ನೊಂದು ಅಂಗೈಯನ್ನು ಬಟ್ಟಲಿನಂತೆ ಮಾಡಿ, ನೀರು ತೊಟ್ಟಿಕ್ಕುತ್ತಿದ್ದ ಜತ್ತಪ್ಪನ ಗಲ್ಲದ ಕೆಳಗೆ ಹಿಡಿದಿದ್ದರು.