ಏಳರಲ್ಲೇ ನಿಂತ ಮೀಟರ್

ಮೀಟರ್ ಮೇಸ್ತ್ರಿಗೆ ತನ್ನ ಭಾವನನ್ನು ಕಂಡರೆ ಆಗುತ್ತಿರಲಿಲ್ಲ. ಭಾವನಿಗೂ ಅಷ್ಟೇ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಇವನು ಬಾಯಿ ಮುಚ್ಚಿಕೊಂಡಿದ್ದರೆ, ಈ ಕೆಲಸ ಕೊಡಿಸಿದ್ದು ತಾನೇ ಎಂದು ಅವರು ದಿನಕ್ಕೊಮ್ಮೆಯಾದರೂ ಬಾಯಿ ಬಿಡುತ್ತಿದ್ದರು. ಲೋಹಕ್ಕೆ ಲೇಪ ಕೊಡುವ ಆ ಕಾರ್ಖಾನೆಯ ಕೊಳೆನೀರಿನ ವಿಭಾಗಕ್ಕೆ ಭಾವ ಸೂಪರ್‌ವೈಸರ್, ಅಲ್ಲಿನ ಮೀಟರುಗಳಿಗೆಲ್ಲ ಇವನು ಮೇಸ್ತ್ರಿ. ಹೋದ ತಿಂಗಳು ಮಾಲೀಕರ ಎದುರಿಗೇ "ಭಾವ, ನಿಮಗೆ ಅಂಕಿ ಓದೋಕೇ ಬರಲ್ಲ" ಎಂದುಬಿಟ್ಟಿದ್ದ. ಅಂದಿನಿಂದ ಅವರು ಹಲ್ಲು ಮಸೆಯುತ್ತಿದ್ದರು.

ಈಗ ಅವರಿಗೆ ಕಾಲ ಕೂಡಿಬಂದಿತ್ತು. ಕೊಳೆನೀರಿನ ತೊಟ್ಟಿಯ ಪಿಎಚ್ ಮೀಟರ್ ಸೋಮವಾರದಿಂದ ಏಳರಲ್ಲೇ ಕೂತಿತ್ತು. ಏಳೆಂದರೆ ನೀರು ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅದನ್ನು ನಂಬಿದ ಕಂಟ್ರೋಲರ್ ಕ್ಷಾರದ ಪಂಪನ್ನು ಓಡಿಸಲೇ ಇಲ್ಲ, ಆಮ್ಲದ ನೀರು ಹಾಗೇ ಚರಂಡಿಗೆ ಹರಿಯಿತು. ಗುರುವಾರ ಚರಂಡಿ ತೊಳೆಯುವ ಹೆಂಗಸು ಹರಿದ ಬೂಟು ಹಾಕಿಕೊಂಡು ಅರ್ಧ ದಿನ ಆ ನೀರಿನಲ್ಲಿ ನಿಂತಳು. ಎರಡೂ ಪಾದ ಸುಟ್ಟು ಆಸ್ಪತ್ರೆ ಸೇರಿದಳು. ಶುಕ್ರವಾರ ಹನ್ನೊಂದಕ್ಕೆ ಮಾಲೀಕರು ಬರುವವರಿದ್ದರು. ತಪ್ಪು ಯಾರದೋ ಅವರ ಕೆಲಸ ಅಂದೇ ಹೋಗುವುದಿತ್ತು.

ಶುಕ್ರವಾರ ಬೆಳಿಗ್ಗೆಯೇ ಮೇಸ್ತ್ರಿ ಮೀಟರಿನ ಸೆನ್ಸರನ್ನು ತೊಟ್ಟಿಯಿಂದ ಮೇಲಕ್ಕೆಳೆದು ಅದರ ತುದಿಯ ಗಾಜನ್ನು ಮೆಲ್ಲಗೆ ತೊಳೆದ.

"ಇನ್ನೂ ತೊಳೀತಾನೇ ಇದೀಯಲ್ಲೋ, ಅದೇನು ನಿನ್ನ ಕನ್ನಡಕಾನಾ?" ಭಾವ ಕುರ್ಚಿಯಿಂದಲೇ ಕೇಳಿದರು.

ಮೇಸ್ತ್ರಿ, ಮೀಟರ್ ಪರೀಕ್ಷಿಸಲೆಂದೇ ಇಟ್ಟ, ನಾಲ್ಕೆಂದು ಬರೆದ ಬಾಟಲಿಯ ದ್ರಾವಣದಲ್ಲಿ ಸೆನ್ಸರ್ ಅದ್ದಿದ: ಏಳು. ಹತ್ತರದ್ದರಲ್ಲಿ ಅದ್ದಿದ: ಏಳು. ಹೊಸ ಸೆನ್ಸರ್ ಜೋಡಿಸಿ ತೊಟ್ಟಿಗೆ ಇಳಿಸಿದ. ಹಾಳಾದ್ದು, ಆಗಲೂ ಏಳು! ಕಂಟ್ರೋಲರಿನ ಹಿಂದಿನ ಕೇಬಲ್ ಕಳಚಿದಾಗ ಮಾತ್ರ ಅಂಕಿ ಹುಚ್ಚೆದ್ದು ಓಡಿತು, ಮತ್ತೆ ಸಿಕ್ಕಿಸಿದರೆ ಅದೇ ಏಳು. ಹಾಗಾದರೆ ಕಂಟ್ರೋಲರ್ ಸತ್ತಿಲ್ಲ, ರೋಗ ಇರುವುದು ನಡುವೆ ಕೇಬಲ್ ಕೂಡುವ ಗೋಡೆಯ ಡಬ್ಬಿಯಲ್ಲಿ.

ಡಬ್ಬಿ ಮುಚ್ಚಿದಾಗಲೆಲ್ಲ ಅವನು ಸ್ಕ್ರೂಗಳ ಮೇಲೆ ಒಂದೊಂದು ಚುಕ್ಕೆ ಕೆಂಪು ಬಣ್ಣ ಇಡುತ್ತಿದ್ದ, ಬೇರೆಯವರು ಕೈಹಾಕಿದರೆ ಗೊತ್ತಾಗಲೆಂದು. ನಾಲ್ಕು ಚುಕ್ಕೆಗಳೂ ಸೀಳಿಹೋಗಿದ್ದವು. ಮೇಸ್ತ್ರಿಯ ಮೈ ಉರಿದುಹೋಯಿತು. ಸಿಕ್ಕಿಬಿದ್ದಿರಿ ಭಾವ, ಎಂದುಕೊಂಡು ಮುಚ್ಚಳ ತೆಗೆದ.

ಒಳಗೆ ಎರಡು ಸ್ಕ್ರೂಗಳ ನಡುವೆ ಬೆರಳುದ್ದದ ಹಸಿರು ತಂತಿ. ಹೀಗೆ ಜೋಡಿಸಿದರೆ ತೊಟ್ಟಿಯಲ್ಲಿ ಏನೇ ಇದ್ದರೂ ಕಂಟ್ರೋಲರ್ ಏಳನ್ನೇ ತೋರಿಸುತ್ತದೆ. ಅದು ಸರಿಯಿದೆಯೇ ಎಂದು ನೋಡಲು ಮೇಸ್ತ್ರಿಗಳು ಮಾಡುವ ಪರೀಕ್ಷೆ. ತಂತಿಯ ತುದಿಗೆ ಹಳದಿ ಟೇಪಿನ ಸುತ್ತು. ಆ ಸುತ್ತು ಅವನದೇ. ಸೋಮವಾರ ಪರೀಕ್ಷೆ ಮಾಡುತ್ತಿದ್ದಾಗ ಊಟದ ಸೈರನ್ ಕೂಗಿತ್ತು, ತಂತಿ ಬಿಚ್ಚಲು ಮರೆತು ಮುಚ್ಚಳ ಹಾಕಿ, ಅಚ್ಚುಕಟ್ಟಾಗಿ ಬಣ್ಣವನ್ನೂ ಇಟ್ಟು ಹೋಗಿದ್ದ.

"ಸಿಕ್ತಾ?" ಭಾವ ಇತ್ತ ತಿರುಗಲೂ ಇಲ್ಲ.

"ಏನು ಸಿಗಬೇಕಿತ್ತು ಭಾವ?"

"ಹಸಿರು ತಂತಿ. ಮಂಗಳವಾರಾನೇ ನೋಡಿದ್ದೆ. ಮಾಲೀಕರ ಎದುರಿಗೆ ನೀನೇ ತೆಗೀಲಿ ಅಂತ ಮುಚ್ಚಿಟ್ಟೆ. ಅಂಕಿ ಓದೋಕೆ ಬರಲ್ಲ ನನಗೆ, ಅಲ್ವಾ?"

ಮೇಸ್ತ್ರಿ ತಂತಿ ಕಿತ್ತ. ಅಂಕಿ ಏಳರಿಂದ ಜಾರುತ್ತ ಜಾರುತ್ತ ಒಂದೂ ಮುಕ್ಕಾಲಿಗೆ ಇಳಿಯಿತು: ಕಡು ಆಮ್ಲ.

"ಮಂಗಳವಾರ," ಎಂದ. "ಅವಳು ಚರಂಡಿಗೆ ಇಳಿದಿದ್ದು ಗುರುವಾರ."

ಭಾವ ಈಗ ಇತ್ತ ತಿರುಗಿದರು. "ಅವಳು ಅಲ್ಲಿ ಇಳೀತಾಳೆ ಅಂತ ನಾನೇನು ಕನಸು ಕಂಡಿದ್ನಾ?"

"ಇಳಿಯೋಕೆ ಹೇಳಿದ್ದೇ ನೀವು."

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ತಂತಿ ಜೇಬಿಗೆ ಇಳಿಸಲು ಒಂದು ಗಳಿಗೆ ಸಾಕಾಗಿತ್ತು, ಕೈ ಅರ್ಧ ದಾರಿ ಹೋಗಿಯೂ ಇತ್ತು. ಹರಿದ ಬೂಟು ನೆನಪಾಯಿತು. ಅವನು ರಿಜಿಸ್ಟರ್ ತೆರೆದು, ಸೋಮವಾರ ತಂತಿ ಬಿಟ್ಟು ಮುಚ್ಚಿದವನು ನಾನು ಎಂದು ಬರೆದು ಸಹಿ ಮಾಡಿದ. ಕೆಳಗೆ ಇನ್ನೊಂದು ಸಾಲು ಬರೆದ: ಮಂಗಳವಾರ ಅದನ್ನು ನೋಡಿಯೂ ಮುಚ್ಚಿದವರು.

ಪೆನ್ನನ್ನು ಭಾವನ ಮುಂದೆ ಇಟ್ಟ. "ಸಹಿ ಹಾಕಿ."

"ನಿನ್ನಕ್ಕನ ಮುಖ ನೋಡಾದ್ರೂ ಬಿಟ್ಟುಬಿಡೋ," ಭಾವನ ದನಿ ಮೊದಲ ಸಲ ಕೆಳಗಿಳಿದಿತ್ತು.

"ಅಕ್ಕನಿಗೆ ನಾನೇ ಹೇಳ್ತೀನಿ. ನನ್ನದನ್ನೂ ಹೇಳ್ತೀನಿ."

ಭಾವ ಪೆನ್ನು ಮುಟ್ಟಲಿಲ್ಲ. ಮಾಲೀಕರು ಒಳಗೆ ಬಂದು ಮೊದಲು ಮೀಟರನ್ನು, ಆಮೇಲೆ ಇಬ್ಬರ ಮುಖವನ್ನೂ ನೋಡಿದರು. ಮೇಸ್ತ್ರಿ ತಂತಿಯನ್ನು ರಿಜಿಸ್ಟರಿನ ಮೇಲಿಟ್ಟು ಅವರತ್ತ ತಳ್ಳಿದ.