ಸೊಸೆಯ ಓವನ್ನು

ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದ ಅವಳನ್ನು ಬೀದಿಯವರೆಲ್ಲ ಅಡುಗೆಯಮ್ಮ ಎಂದೇ ಕರೆಯುತ್ತಿದ್ದರು. ಅವಳು ನಿವೃತ್ತಳಾದರೂ ಹೆಸರು ನಿವೃತ್ತಿಯಾಗಲಿಲ್ಲ. ಮನೆಯಲ್ಲಿದ್ದದ್ದು ಮೂರೇ ಜನ: ಅವಳು, ಬಸ್ಸು ಓಡಿಸುವ ಮಗ, ದರ್ಜಿಯಂಗಡಿಯ ಶರ್ಟುಗಳಿಗೆ ಮನೆಯಲ್ಲೇ ಕೂತು ಗುಂಡಿ ಹೊಲಿಯುವ ಸೊಸೆ. ಆದರೂ ಒಲೆಯ ಹತ್ತಿರ ಅವಳು ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ಸೊಸೆಗೆ ಫಿಟ್ಸ್ ಬರುತ್ತಿತ್ತು. ಮದುವೆಗೆ ಮುಂಚೆಯೇ ಅವಳ ತಾಯಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಮಾತ್ರೆ ತಪ್ಪಿಸದಿದ್ದರೆ ತಿಂಗಳುಗಟ್ಟಲೆ ಸುಳಿವೇ ಇರುತ್ತಿರಲಿಲ್ಲ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ, "ಬೇಳೆ ಉಕ್ಕದ ಹಾಗೆ ನೋಡ್ಕೋ" ಎಂದು ಸೊಸೆಗೆ ಹೇಳಿ ಅಡುಗೆಯಮ್ಮ ಬೀದಿಬಾಗಿಲಲ್ಲಿ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತಳು. ಎರಡು ನಿಮಿಷದ ಮಾತು ಹತ್ತು ನಿಮಿಷಕ್ಕೆ ಬೆಳೆಯಿತು. ಸುಟ್ಟ ವಾಸನೆ ಬಂದಾಗ, ಬೇಳೆ ತಳ ಹಿಡಿಯಿತು ಎಂದು ಗೊಣಗಿಕೊಂಡೇ ಒಳಗೆ ಹೋದಳು. ತಳ ಹಿಡಿದದ್ದು ಬೇಳೆಯಲ್ಲ. ಸೊಸೆ ಕಟ್ಟೆಯ ಮೇಲೆ ಒರಗಿ ಬಿದ್ದಿದ್ದಳು. ಅವಳ ಎಡಗೈ ಉರಿಯ ಮೇಲಿತ್ತು.

ಕೈ ವಾಸಿಯಾಗಲು ಎಂಟು ತಿಂಗಳು ಹಿಡಿಯಿತು. ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಆಸ್ಪತ್ರೆಯಿಂದ ಕರೆತಂದ ದಿನವೇ ಅಡುಗೆಯಮ್ಮ ಕಟ್ಟಪ್ಪಣೆ ಮಾಡಿದಳು. "ಇನ್ಮೇಲೆ ನೀನು ಅಡುಗೆಮನೆ ಹೊಸ್ತಿಲಿನ ಈಚೆಗೆ. ನಾನಿರೋವರೆಗೂ ನಿನಗೆ ಒಲೆ ಸುದ್ದಿ ಬೇಡ."

ಬಾಗಿಲಲ್ಲಿ ಹರಟುತ್ತ ನಿಂತಿದ್ದನ್ನು ಮಾತ್ರ ಮಗನಿಗೆ ಹೇಳಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ ಎಂದಳು. ಸೊಸೆಗೆ ಆ ಹೊತ್ತಿನ ನೆನಪೇ ಇರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಈ ವರ್ಷ ಅಡುಗೆಯಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ನಾಲ್ಕು ದಿನ ಮಗ ಹೋಟೆಲಿನಿಂದ ಪೊಟ್ಟಣ ತಂದ. ಐದನೆಯ ದಿನ ಸಾಮಾನಿನ ಗಾಡಿಯೊಂದು ಬಂದು ದೊಡ್ಡ ಪೆಟ್ಟಿಗೆಯನ್ನು ಇಳಿಸಿಹೋಯಿತು.

"ಏನೇ ಇದು?"

"ಓವನ್ನು ಅತ್ತೆ. ಮೈಕ್ರೋವೇವೂ ಆಗುತ್ತೆ, ಬೇಕಿಂಗೂ ಆಗುತ್ತೆ, ಗ್ರಿಲ್ಲೂ ಆಗುತ್ತೆ. ಉರಿ ಇಲ್ಲ. ಇಟ್ಟಷ್ಟು ಹೊತ್ತು ಓಡಿ ತಾನೇ ನಿಂತುಹೋಗುತ್ತೆ. ನನ್ನಂಥವರಿಗೆ ಒಲೆಗಿಂತ ಇದು ವಾಸಿ ಅಂತ ಆಸ್ಪತ್ರೆ ನರ್ಸ್ ಹೇಳಿದ್ರು."

"ಯಾರನ್ನ ಕೇಳಿ ತರಿಸ್ದೆ?"

"ಯಾರನ್ನೂ ಕೇಳ್ಲಿಲ್ಲ."

ಸೊಸೆ ಅದನ್ನು ಅಡುಗೆಮನೆಗೆ ಒಯ್ಯದೆ, ನಡುಮನೆಯ ಗಟ್ಟಿ ಮೇಜಿನ ಮೇಲೆ ಇರಿಸಿದಳು. "ಹೊಸ್ತಿಲು ದಾಟಿಲ್ವಲ್ಲ," ಎಂದಳು, ನಗದೆ.

ಮೊದಲ ದಿನ ಚುಚ್ಚದೆ ಇಟ್ಟ ಆಲೂಗಡ್ಡೆ ಢಂ ಎಂದು ಸಿಡಿಯಿತು. ಎರಡನೆಯ ದಿನ ಅನ್ನ ಉಕ್ಕಿ ತಿರುಗುವ ತಟ್ಟೆಯ ತುಂಬ ಗಂಜಿಯಾಯಿತು. ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತ ಅಡುಗೆಯಮ್ಮ, "ಅದರಲ್ಲಿ ಸ್ನಾನಕ್ಕೆ ನೀರು ಕಾಯ್ಸು, ಸಾಕು" ಎಂದಳು. ಸೊಸೆ ತಟ್ಟೆ ಒರೆಸಿದಳು. ಗುಂಡಿಗಳ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನಿಮಿಷಗಳನ್ನು ಗುರುತು ಹಾಕಿಕೊಂಡಳು. ಬರಬರುತ್ತ ಅಗಲವಾದ ಗಾಜಿನ ಬೋಗುಣಿಯಲ್ಲಿ ಅನ್ನ ಉದುರುದುರಾಗಿ ಬಂತು; ಮುಂಚೆ ನೆನೆಸಿಟ್ಟ ಬೇಳೆ ಬೆಣ್ಣೆಯಂತೆ ಬೆಂದಿತು; ಮೈಕ್ರೋವೇವೂ ಗ್ರಿಲ್ಲೂ ಒಟ್ಟಿಗೆ ಓಡುವ ಕಾಂಬಿನೇಷನ್ನಿಗೆ ಇಟ್ಟ ಕುಂಬಳಕಾಯಿ ಒಳಗೆ ಮೆತ್ತಗಾಗಿ ಮೇಲೆ ಕೆಂಪಗಾಯಿತು. ಬೆಂದದ್ದನ್ನು ಅವಳು ಕೂಡಲೇ ತೆಗೆಯುತ್ತಿರಲಿಲ್ಲ. ಬೋಗುಣಿ ಮುಟ್ಟುವಷ್ಟು ಆರುವವರೆಗೆ ದೂರ ಚಾಪೆಯ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದಳು. ಆ ಎಚ್ಚರಿಕೆಯನ್ನು ನೋಡುತ್ತ ಅಡುಗೆಯಮ್ಮ ಹಾಸ್ಯ ಮಾಡುವುದನ್ನು ಬಿಟ್ಟಳು.

ಮೂರನೆಯ ವಾರ, ಒಂದು ಮಧ್ಯಾಹ್ನ. ಕೋಳಿಯ ತುಂಡುಗಳನ್ನೂ ಆಲೂಗಡ್ಡೆಯನ್ನೂ ಇಪ್ಪತ್ತೈದು ನಿಮಿಷಕ್ಕೆ ಇಟ್ಟು, ಸೊಸೆ ಚಾಪೆಯ ಮೇಲೆ ಕೂತು ಹೊಲಿಯುತ್ತಿದ್ದಳು. "ಅತ್ತೆ, ಈ ಬಿಳಿ ದಾರ..." ಎಂದವಳ ಮಾತು ಅಲ್ಲಿಗೇ ಕಡಿಯಿತು. ಕಣ್ಣು ಮೇಲಕ್ಕೆ ಹೊರಳಿತು. ಪಕ್ಕಕ್ಕೆ ಉರುಳಿ ಅದುರತೊಡಗಿದಳು.

ಅಡುಗೆಯಮ್ಮ ಕುರ್ಚಿಯಿಂದ ಹೇಗೆ ಇಳಿದಳೋ ಅವಳಿಗೇ ತಿಳಿಯದು. ಒಂದೇ ಕೈಯಲ್ಲಿ ಸೂಜಿ ಕಿತ್ತೆಸೆದಳು, ಮಡಿಚಿಟ್ಟ ಶರ್ಟುಗಳನ್ನು ತಲೆಯ ಕೆಳಗೆ ತುರುಕಿದಳು, ಭುಜ ಹಿಡಿದು ಮಗ್ಗುಲಿಗೆ ಹೊರಳಿಸಿದಳು. ಆಮೇಲೆ ನೆನಪಾಯಿತು: ಒಲೆ! ಆರಿಸಲು ಅರ್ಧ ಎದ್ದಳು. ಆರಿಸಬೇಕಾದದ್ದು ಏನೂ ಇರಲಿಲ್ಲ. ಓವನ್ನು ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ಮತ್ತೆ ಕೂತು ಸೊಸೆಯ ತಲೆ ಹಿಡಿದುಕೊಂಡು ಗಡಿಯಾರ ನೋಡಿದಳು. ಮೂರು ನಿಮಿಷಕ್ಕೆ ಅದುರುವಿಕೆ ನಿಂತಿತು. ಸೊಸೆ ಭಾರವಾದ ನಿದ್ದೆಗೆ ಜಾರಿದಳು. ಇನ್ನೊಂದಿಷ್ಟು ಹೊತ್ತಿಗೆ ಓವನ್ನು ಮೂರು ಸಲ ಕೂಗಿ ಸುಮ್ಮನಾಯಿತು. ಮನೆ ತುಂಬ ಹದವಾಗಿ ಬೆಂದ ವಾಸನೆ.

"ಬಂದಿತ್ತಾ?" ಎಚ್ಚರವಾದಾಗ ಸೊಸೆ ಕೇಳಿದಳು.

"ಬಂದಿತ್ತು. ಮೂರು ನಿಮಿಷ. ಏನೂ ಸುಟ್ಟಿಲ್ಲ." ಅಡುಗೆಯಮ್ಮ ನೆಲ ನೋಡಿದಳು. "ಅವತ್ತು ನಾನು ಬಟ್ಟೆ ಒಣಹಾಕ್ತಿರ್ಲಿಲ್ಲ ಕಣೇ. ಬಾಗಿಲಲ್ಲಿ ಹರಟೆ ಹೊಡೀತಿದ್ದೆ. ಹತ್ತು ನಿಮಿಷ. ಕಿವಿಗೊಟ್ಟಿದ್ರೆ ನೀನು ಬಿದ್ದ ಸದ್ದು ಕೇಳ್ತಿತ್ತು."

ಸೊಸೆ ಮಲಗಿದಲ್ಲೇ ತನ್ನ ಎಡಗೈಯ ಮಡಚದ ಬೆರಳುಗಳನ್ನು ಸವರಿಕೊಂಡಳು.

"ನಿಮ್ಮ ತಪ್ಪಿಗೆ ನನ್ನನ್ನ ಹೊರಗಿಟ್ರಿ," ಎಂದಳು. "ನನಗೆ ಏನಾದ್ರೂ ಆಗುತ್ತೆ ಅಂತ ಅಷ್ಟೇ ಅಲ್ಲ."

"ಹೌದು."

"ತಲೆ ನೋಯ್ತಿದೆ ಅತ್ತೆ. ಈಗ ಏನೂ ಹೇಳಕ್ಕೆ ಆಗಲ್ಲ."

ಸಂಜೆ ಮಗ ಬಂದಾಗ ಅಡುಗೆಯಮ್ಮ ಅವನಿಗೂ ಹೇಳಿದಳು. ಅವನು ತಟ್ಟೆ ಸರಿಸಿ ಎದ್ದುಹೋದ. ನಾಲ್ಕು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಸೊಸೆ ಮಾತ್ರ ಹೊತ್ತು ಹೊತ್ತಿಗೆ ಬೇಯಿಸಿದಳು, ಅತ್ತೆಗೆ ಎಡಗೈಯಲ್ಲಿ ತಿನ್ನಲು ಬರುವಂತೆ ಚೂರು ಮಾಡಿ ಚಮಚ ಇಟ್ಟಳು. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು.

ಐದನೆಯ ದಿನ ಅನ್ನ, ಬೇಳೆ ಬಡಿಸಿ ಸೊಸೆ ಎದುರಿಗೇ ಕೂತಳು.

"ಉಪ್ಪು ಸರಿ ಇದೆಯಾ ನೋಡಿ."

ಅಡುಗೆಯಮ್ಮ ನಿಧಾನವಾಗಿ ರುಚಿ ನೋಡಿದಳು. "ಸ್ವಲ್ಪ ಕಡಿಮೆ."

"ನಾಳೆ ಸರಿ ಮಾಡ್ತೀನಿ," ಎಂದು ಸೊಸೆ ತನ್ನ ತಟ್ಟೆಗೂ ಹಾಕಿಕೊಂಡಳು.